ಎಡಗೈ ಮಾಸ್ತರರ ಇಂಕ್ ಪೆನ್

ಹೊಟ್ಟೆಕಿಚ್ಚಿಗೆ ಮದ್ದು ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ ಬಿಡಿ...

ಆದರೆ ಹಾವೇರಿಯ ಒಬ್ಬ ಮಾಸ್ತರರಿಗೆ ಅದು ಪೆನ್ ಅಂಗಡಿಯಲ್ಲಿ ಸಿಕ್ಕಿತು.

ಅವರ ಹೆಸರು ಮಾಲತೇಶ. ಶಾಲೆಯ ವಾರ್ಷಿಕೋತ್ಸವದ ಸರ್ಟಿಫಿಕೇಟ್‌ಗಳ ಮೇಲೆ ಮಕ್ಕಳ ಹೆಸರನ್ನು ಇಂಕ್ ಪೆನ್ನಿನಲ್ಲಿ ಬರೆಯುವುದು ಮೊದಲಿಂದಲೂ ಅವರದೇ ಕೆಲಸ. ಅದೇ ಅವರ ಹೆಮ್ಮೆ.

ಆದರೆ ಅವರು ಎಡಗೈಯಲ್ಲಿ ಬರೆಯುವವರು... ಬರೆದ ಹಸಿ ಅಕ್ಷರದ ಮೇಲೆಯೇ ಅಂಗೈ ಹಾದುಹೋಗುತ್ತದೆ. ಕಳೆದ ವರ್ಷ ಎಷ್ಟೋ ಹೆಸರುಗಳು ಕಲಸಿಹೋಗಿದ್ದವು.

ಈ ಸಲ ಹೆಡ್ ಮಾಸ್ಟರು ಆ ಕೆಲಸವನ್ನು ಹೊಸದಾಗಿ ಬಂದ ಶಾಂಭವಿ ಟೀಚರಿಗೆ ಕೊಟ್ಟುಬಿಟ್ಟರು.

ಮಾಲತೇಶರಿಗೆ ಮೈಯೆಲ್ಲ ಉರಿದುಹೋಯಿತು. ಆಕೆ ನಕ್ಕರೂ ಸಿಟ್ಟು, ಸುಮ್ಮನಿದ್ದರೂ ಸಿಟ್ಟು. "ಅಕ್ಷರ ಎಷ್ಟು ಚಂದ" ಅಂತ ಯಾರಾದರೂ ಹೊಗಳಿದರೆ ಬಾಯಲ್ಲಿದ್ದ ಚಹಾ ಕೂಡ ಕಹಿ.

ಎಲ್ಲಾ ಆಕೆಯ ಪೆನ್ನಿನ ಮಹಿಮೆ ಅಂತ ಅವರೇ ತೀರ್ಮಾನ ಮಾಡಿಕೊಂಡರು. ಅದಕ್ಕಿಂತ ಒಳ್ಳೆಯದನ್ನು ತಂದು ತೋರಿಸುತ್ತೇನೆ ಅಂತ ಸಂಜೆ ಪೆನ್ ಅಂಗಡಿಗೆ ಹೋದರು.

ತೀರಾ ಅಗ್ಗದ್ದು ಬೇಡ, ಸಿಕ್ಕಾಪಟ್ಟೆ ದುಬಾರಿಯದೂ ಬೇಡ ಅಂದರು. ಮೊದಲನೆಯದರ ನಿಬ್ಬು ಕಾಗದ ಕೆರೆಯಿತು. ಇನ್ನೊಂದು ಕೈಗೆ ಭಾರ. ಮತ್ತೊಂದು ಚೆನ್ನಾಗಿ ಬರೆಯಿತು, ಆದರೆ ಅಂಗೈಗೆಲ್ಲ ಇಂಕು...

ಅಂಗಡಿಯವರು ಅವರ ಕೈಯನ್ನೇ ನೋಡುತ್ತಿದ್ದರು.

"ಸರ್, ನಿನ್ನೆ ಒಬ್ರು ಟೀಚರ್ ಬಂದಿದ್ರು. ನಮ್ಮ ಸಾಲಿಯೊಳಗ ಎಡಗೈಲೆ ಬರಿಯೋ ಸರ್ ಒಬ್ರು ಅದಾರ, ಅವ್ರ ಕೈಗೆ ಇಂಕು ಹತ್ತಬಾರ್ದು, ಅಂಥಾ ಪೆನ್ ಕೊಡ್ರಿ ಅಂದ್ರು. ತಾವ ಎಡಗೈಲೆ ಬರದು ಬರದು ನೋಡಿದ್ರು. ಸಣ್ಣ ನಿಬ್ಬಿಂದು, ಲಗೂನ ಒಣಗೋ ಇಂಕು... ಎರಡೂ ಆರಿಸಿಕೊಂಡು ಹೋದ್ರು. ಅಂಥಾದ್ದ ಕೊಡ್ಲೇನ್ರಿ?"

ಮಾಲತೇಶರು ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು.

ಅಂದು ಮಧ್ಯಾಹ್ನವೇ ಶಾಂಭವಿ ಟೀಚರ್ ಸಣ್ಣದೊಂದು ಡಬ್ಬಿ ಹಿಡಿದು ಅವರ ಟೇಬಲ್ ಹತ್ತಿರ ಬಂದಿದ್ದರು... ಇವರೇ ಮುಖ ತಿರುಗಿಸಿಕೊಂಡು ಎದ್ದು ಹೋಗಿದ್ದರು.

ಏನೂ ಕೊಳ್ಳದೆ ಮನೆಗೆ ಬಂದರು.

ಮರುದಿನ ತಾವಾಗಿಯೇ ಆಕೆಯ ಟೇಬಲ್ ಹತ್ತಿರ ಹೋದರು. ಆಕೆ ಹೆದರುತ್ತಲೇ ಡಬ್ಬಿ ಮುಂದೆ ಮಾಡಿದರು.

"ತಪ್ಪು ತಿಳೀಬ್ಯಾಡ್ರಿ ಸರ್. ಈ ಕೆಲಸ ನಿಮ್ದು. ಹೆಡ್ ಮಾಸ್ಟರಿಗೆ ನಾ ಹೇಳೀನಿ."

ಮಾಲತೇಶರ ಕಣ್ಣು ತುಂಬಿ ಬಂತು.

"ನಿನ್ನೆ ನಾನೂ ಅದ ಅಂಗಡಿಗೆ ಹೋಗಿದ್ದೆ ಟೀಚರ್... ನಿಮ್ಮನ್ನ ಸೋಲಸಾಕ."

ಆಕೆ ಪಕ್ಕದ ಕುರ್ಚಿ ಎಳೆದು, ಸರ್ಟಿಫಿಕೇಟ್‌ಗಳ ಅರ್ಧ ಕಟ್ಟನ್ನು ಅವರ ಮುಂದಿಟ್ಟರು.

ಹೊಟ್ಟೆಕಿಚ್ಚು ಎದುರಿನವರ ಕೈಯಲ್ಲಿರುವ ವಸ್ತುವನ್ನು ನೋಡುತ್ತದೆ. ಪ್ರೀತಿ ಎದುರಿನವರ ಕಷ್ಟವನ್ನು ನೋಡುತ್ತದೆ.

ನೀವು ಯಾರನ್ನು ಕಂಡು ಒಳಗೊಳಗೇ ಉರಿಯುತ್ತಿದ್ದೀರೋ... ಅವರು ನಿಮಗೆ ಏನು ಕೊಡಬೇಕು ಅಂತ ಬಂದಿದ್ದರೋ, ಒಮ್ಮೆಯಾದರೂ ನಿಂತು ಕೇಳಿದ್ದೀರಾ?