ಐದು ಏಟು

ಹಾಡನ್ನು ಕೊಂದವನು ಬ್ಯಾಂಡಿನೊಳಗೇ ಇದ್ದ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹೆಡ್‌ಫೋನ್ ಕಿತ್ತು ಚೀಲಕ್ಕೆ ತುರುಕುವಾಗ ಸೆಲ್ವರಾಜನಿಗೆ ಅಷ್ಟು ಖಚಿತವಾಗಿತ್ತು.

ಗಣಿ ಮುಚ್ಚಿದ ವರ್ಷ, ಬೀಗ ಬಿದ್ದ ಗೇಟಿನೆದುರು, ಧರಣಿ ಕೂತವರ ಮುಂದೆ ನುಡಿಸಿದ ಇಪ್ಪತ್ತೆರಡು ನಿಮಿಷದ ಹಾಡು ಅದು. ಐದು ಏಟಿನ ತಾಳದಲ್ಲಿ ಶುರು. ಆಮೇಲೆ ನಾಲ್ಕು, ಮೂರು, ಎರಡು, ಒಂದು. ಕೊನೆಗೆ ಒಂದು ನಿಮಿಷ ಬರೀ ಮೌನ. ಬಂಗಾರ ಒಯ್ದು, ಸತ್ತವರ ಹೆಸರಿಗೊಂದು ಕಲ್ಲನ್ನೂ ನೆಡದೆ ಎದ್ದುಹೋದವರಿಗೆ ಆ ಮೌನವೇ ಉತ್ತರ. ಎಂಥ ವಿಚಿತ್ರ ತಾಳವೆಂದು ರಾಕ್ ಬಲ್ಲವರು ಇವತ್ತಿಗೂ ಕೊಂಡಾಡುತ್ತಾರೆ. ಬಾರಿಸಿದವನು ಸೆಲ್ವರಾಜ್. ಡ್ರಮ್ಮಲ್ಲ. “ಈ ಪೈಪು ಬಡಿ ಕಣ್ಲಾ” ಎಂದು ತುಕ್ಕು ಹಿಡಿದ ಕಬ್ಬಿಣದ ತುಂಡೊಂದನ್ನು ತಂದುಕೊಟ್ಟಿದ್ದವನು ಹಾಡು ಕಟ್ಟಿದ ಕಾಂತರಾಜ್.

ಇಪ್ಪತ್ನಾಲ್ಕು ವರ್ಷಗಳ ಮೇಲೆ ಬ್ಯಾಂಡಿನ ಹೊಸ ಆಲ್ಬಂ. ಅದರಲ್ಲಿ ಅದೇ ಹಾಡು ಮೂರು ನಿಮಿಷ. ಬರೀ ಐದು ಏಟು, ಮತ್ತೆ ಐದು, ಮತ್ತೆ ಐದು. ಮದುವೆ ಮೆರವಣಿಗೆಯಲ್ಲಿ ಕುಣಿಯಲು ಹೇಳಿ ಮಾಡಿಸಿದಂತಿತ್ತು.

“ನಾವು ಕತ್ತರಿಸಿಲ್ಲ ಸಾರ್,” ಎಂದು ಕಂಪನಿಯವರು ಫೋನಿನಲ್ಲಿ ನಕ್ಕಿದ್ದರು. “ನಿಮ್ಮ ಕಾಂತರಾಜ್ ಅವರೇ ಹೀಗೇ ಬೇಕು ಅಂದ್ರು.”

ಸಂಜೆ ಬಿಡುಗಡೆ. ಹಾಡಿನ ಹಕ್ಕಿನಲ್ಲಿ ಸೆಲ್ವರಾಜನಿಗೂ ಪಾಲಿತ್ತು; ‘ಹಳೆಯದನ್ನೇ ಪೂರ್ತಿ ಹಾಕಿ’ ಎಂದು ಅವನು ಒಂದು ಮೆಸೇಜ್ ಕಳಿಸಿದರೆ ಕಂಪನಿ ಬದಲಿಸಲೇಬೇಕು. ಟೈಪು ಮಾಡಿದ. ಕಳಿಸುವ ಮುಂಚೆ ಕಾಂತರಾಜನ ಮುಖ ನೋಡಿ ಉಗಿಯಬೇಕೆನಿಸಿತು. ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದ.

ಕೋರಮಂಡಲ್‌ನ ಹಳೇ ಗಣಿ ಕ್ವಾರ್ಟರ್ಸ್ ಸಾಲಿನಲ್ಲಿ ಎರಡೇ ಮನೆಗಳಲ್ಲಿ ಜನ. ನಡುವೆ ಒಂದೇ ಗೋಡೆ. ಕಾಂತರಾಜನ ಬಾಗಿಲು ಎಂದಿನಂತೆ ಹಾರುಹೊಡೆದಿತ್ತು. ಜಡಿಮಳೆಯಲ್ಲೂ, ಮಲಗಿದಾಗಲೂ ಅವನು ಅದನ್ನು ಮುಚ್ಚುವವನಲ್ಲ. ಪಕ್ಕದ ಮನೆ ಒಂಟಿ ಹೆಂಗಸು ಮುನಿಶಾಮಮ್ಮನದು. ಆ ಬಾಗಿಲು ತೆರೆದದ್ದನ್ನು ಸೆಲ್ವರಾಜ್ ಎಂದೂ ಕಂಡಿರಲಿಲ್ಲ. ಇವತ್ತು ತೆರೆದಿತ್ತು.

“ಬಾರ್ಲಾ ಸೆಲ್ವ. ಟೀ ಕುಡೀತೀಯಾ?”

“ನಿನ್ ಟೀ ನೀನೇ ಕುಡಿಯಣ್ಣ. ಸಾಂಗಿಗೆ ಯಾಕೆ ಕತ್ತರಿ ಆಕ್ದೆ?”

“ಉದ್ದ ಆಗಿತ್ತು.”

“ಧರಣಿನಾಗೆ ಜನ ಅನ್ನ ಬಿಟ್ಟು ಕೇಳ್ದಾಗ ಉದ್ದ ಆಗಿರ್ಲಿಲ್ವಾ? ರೀಲ್ಸ್‌ನಾಗೆ ಸೊಂಟ ಕುಣಿಸೋರಿಗೆ ಉದ್ದ ಆಯ್ತಾ? ಮಾರ್ಕೊಂಡೆ ಅನ್ನು!”

“ಅನ್ಕೋ.”

ಕಾಂತರಾಜ್ ಗೋಡೆಯತ್ತ ನೋಡುತ್ತಿದ್ದ. ಸೆಲ್ವರಾಜ್ ಫೋನ್ ತೆಗೆದ. ಹೆಬ್ಬೆರಳು ಇನ್ನೇನು ಒತ್ತಬೇಕು.

“ಕಾಂತಾ, ಆ ಒಸ ಪಾಟ ಇನ್ನೊಂದು ಕಿತ ಆಕಪ್ಪ.”

ಹೊಸಿಲಲ್ಲಿ ಮುನಿಶಾಮಮ್ಮ. ಅಲ್ಲೇ ಕುಕ್ಕರಿಸಿದಳು. ಕಾಂತರಾಜ್ ಹೊಸ ಹಾಡನ್ನು ಮತ್ತೆ ಹಾಕಿದ. ಒಂದೊಂದು ಏಟಿಗೂ ಒಂದೊಂದು ಬೆರಳು ಮಡಚಿದಳು. ಐದಾದಾಗ ಮುಷ್ಟಿ ಬಿಚ್ಚಿ, ಮತ್ತೆ ಮೊದಲಿಂದ.

“ಏನಮ್ಮಾ ಎಣಿಸ್ತಿದೀಯ?” ಎಂದ ಸೆಲ್ವರಾಜ್.

“ಬಂಡೆ ಕುಸಿದು ಗಣಿ ಒಳಗೆ ಸಿಕ್ಕಾಕೊಂಡೋರು ಗಾಳಿ ಪೈಪು ಬಡೀತಿದ್ರು ಕಣಪ್ಪ. ಎಷ್ಟು ಜನಕ್ಕೆ ಉಸಿರಿದ್ರೆ ಅಷ್ಟು ಏಟು. ನಮ್ಮನೆಯವ್ರು ಇದ್ದ ಕಡೆಯಿಂದ ಮೊದಲ್ನೇ ದಿನ ಐದು ಕೇಳಿಸ್ತು.” ಬೆರಳು ಮಡಚುವುದನ್ನು ಅವಳು ನಿಲ್ಲಿಸಲಿಲ್ಲ. “ಇವ್ನು ಅಳೇ ಪಾಟ ಆಕ್ದಾಗೆಲ್ಲ ಬಾಗ್ಲು ಆಕ್ಕೊಂಡು ಕಿವಿ ಮುಚ್ಕೊತಿದ್ದೆ. ಯಾವ ಏಟಿಗೆ ನಮ್ಮೋರು ಓಗ್ಬಿಟ್ರೋ ಅಂತ. ಇದ್ರಾಗೆ ಯಾರೂ ಓಗಲ್ಲ. ಐದು ಜನಾನೂ ಅವ್ರೆ.”

ಸೆಲ್ವರಾಜ್ ಮೆಸೇಜನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ.

“ಮೊದ್ಲೇ ಅನ್ನಬಾರ್ದಿತ್ತೇನಣ್ಣ? ಆವತ್ತು ನೀನೂ ಆಚೆ ನಿಂತು ಏಟು ಎಣಿಸ್ತಿದ್ಯಾ?”

“ಒಳಗಿದ್ದೆ,” ಎಂದ ಕಾಂತರಾಜ್. “ಕೊನೇ ಒಂದು ಏಟು ನಂದು ಕಣ್ಲಾ.”