ಮೂವತ್ತು ಬಾಟಲಿ ಬರೀ ನೀರು

ಅಟೆಂಡರ್ ಮತ್ತೆ ಕೆಮ್ಮಿದ. ಈ ಸಲ ಸರಿಯಾಗಿ ತನ್ನ ಮಗಳ ಮೇಜಿನ ಪಕ್ಕದಲ್ಲೇ.

ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಸ್ತಕದಲ್ಲಿ ಗುರುತು ಹಾಕಿಕೊಂಡರು: ಏಳನೇ ಕೆಮ್ಮು. ಆಸಿಡ್ ಹೊಗೆ ತುಂಬಿದ ಪ್ರಯೋಗಾಲಯದಲ್ಲಿ ಮನುಷ್ಯ ಕೆಮ್ಮುತ್ತಾನೆಂದರೆ ಅದು ಸನ್ನೆಯಲ್ಲದೆ ಮತ್ತೇನು? ಬಾಟಲಿಯ ನೀರಿನಲ್ಲಿ ಕರಗಿರುವ ಲವಣ ಯಾವುದೆಂದು ಮಕ್ಕಳು ಕಂಡುಹಿಡಿಯಬೇಕಿತ್ತು: ಒಂದು ಕೆಮ್ಮಿಗೆ ಕ್ಲೋರೈಡ್, ಎರಡಕ್ಕೆ ಬ್ರೋಮೈಡ್, ಮೂರಕ್ಕೆ ಅಯೋಡೈಡ್. ಸಹೋದ್ಯೋಗಿಗಳು ಅವರನ್ನು ಹದ್ದಿನಕಣ್ಣು ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಹಾಗೆ ಕರೆಯಿರಿ ಎಂದು ಅವರೇ ಹೇಳಿಕೊಟ್ಟಿದ್ದರು.

ಹೋದ ವರ್ಷ ಪ್ರಯೋಗಾಲಯದ ಪರಿಶೀಲನೆಗೆಂದು ಈ ಕಾಲೇಜಿಗೆ ಬಂದು, ಪ್ರಾಂಶುಪಾಲರ ಕೋಣೆಯಲ್ಲಿ ಎರಡು ಲೋಟ ಕಾಫಿ ಕುಡಿಯುವಷ್ಟರಲ್ಲೇ ಅವರ ಮೂಗಿಗೆ ವಾಸನೆ ಬಡಿದಿತ್ತು: ಇಲ್ಲಿ ಎಲ್ಲ ಮಕ್ಕಳೂ ಪಾಸು! ಮಕ್ಕಳು ಕಲಿತಿರಬಹುದು ಎಂಬ ಅನುಮಾನ ಮಾತ್ರ ಕನಸಿನಲ್ಲೂ ಬರಲಿಲ್ಲ.

ಅದಕ್ಕೇ ಈ ಸಲ ಬಲೆ ಬೀಸಿದ್ದರು. ಬೆಳಿಗ್ಗೆ ‘ಡಿಸ್ಟಿಲ್ಡ್ ವಾಟರ್’ ಎಂದು ಬರೆದಿದ್ದ ಕ್ಯಾನನ್ನು ತರಿಸಿಕೊಂಡರು. ಹೊತ್ತು ತಂದ ಅಟೆಂಡರ್ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

“ಸಾರ್, ಒಂದು ಮಾತು ಹೇಳ್ಬೇಕಿತ್ತು.”

“ಮಗಳ ವಿಷಯ ತಾನೇ? ಬಾಯಿ ಮುಚ್ಕೊಂಡು ಹೋಗಯ್ಯ.”

ಆಮೇಲೆ ಬಾಗಿಲು ಹಾಕಿಕೊಂಡು ಮೂವತ್ತು ಬಾಟಲಿಗಳಿಗೂ ಅದೇ ನೀರು ತುಂಬಿದರು. ಒಂದಕ್ಕೂ ಚಿಟಿಕೆ ಲವಣ ಹಾಕಲಿಲ್ಲ. ಬಟ್ಟಿ ಇಳಿಸಿದ ಶುದ್ಧ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಕ್ಲೋರೈಡಿನ ಬಿಳಿಯೂ ಇಲ್ಲ, ಅಯೋಡೈಡಿನ ಹಳದಿಯೂ ಇಲ್ಲ. ನಿಯತ್ತಾಗಿ ಪರೀಕ್ಷೆ ಮಾಡಿದವರು ‘ಏನೂ ಇಲ್ಲ’ ಎಂದು ಬರೆಯಬೇಕು. ಕೆಮ್ಮು ನಂಬಿದವರು ಸಿಕ್ಕಿಬೀಳಬೇಕು.

ಮೂವತ್ತು ಹಾಳೆಗಳು ಬಂದವು. ಮೂವತ್ತರಲ್ಲೂ ಒಂದೇ ಉತ್ತರ: ಕ್ಲೋರೈಡ್.

ಪರೀಕ್ಷಕರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಲ್ಲರನ್ನೂ ನಿಲ್ಲಿಸಿ, ಮೂವತ್ತೂ ಜನ ಫೇಲು, ಅಟೆಂಡರ್ ಮನೆಗೆ ಎಂದು ಘೋಷಿಸಿದರು.

“ಸರ್, ನಂಗೆ ನಿಜವಾಗ್ಲೂ ಬಿಳಿ ಬಂತು,” ಎಂದಳು ಅಟೆಂಡರ್ ಮಗಳು. ಒಮ್ಮೆ ಫೇಲಾಗಿ ಎರಡನೇ ಸಲ ಕೂತವಳು. ಮೂರನೇ ಅವಕಾಶ ಇರಲಿಲ್ಲ. “ಅಮೋನಿಯಾ ಹಾಕಿದಾಗ ಕರಗಿತು, ಅಂದ್ರೆ ಕ್ಲೋರೈಡೇ. ಬೇಕಾದ್ರೆ ನೀವೇ ಮಾಡಿ ನೋಡಿ.”

“ಬಿಳಿ ಬಂತಾ? ನಿಮ್ಮಪ್ಪ ಕೆಮ್ಮಿದ್ದಕ್ಕೆ ಬಂತಾ?”

ಹುಡುಗಿಯ ಕಣ್ಣು ತುಂಬಿತು. ಫೇಲಾದದ್ದಕ್ಕಿಂತ, ಎಲ್ಲರೆದುರು ಅಪ್ಪ ಕಳ್ಳನಾದದ್ದು ಅವಳಿಗೆ ಹೆಚ್ಚು ನೋವು ತಂದಿತ್ತು.

ಸಹಿ ಹಾಕಲು ಪ್ರಾಂಶುಪಾಲರು ಬಂದರು. ವರದಿ ಓದಿ, ಪೆನ್ನಿನ ಮುಚ್ಚಳ ತೆಗೆಯದೆ ಕೇಳಿದರು.

“ಒಂದ್ಸಲ ಮಾಡಿ ತೋರಿಸ್ಬಿಡಿ ಸರ್.”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಆಯ್ತು, ನೋಡಿ.”

ಪರೀಕ್ಷಕರು ಅಂಗಿಯ ತೋಳು ಮಡಚಿದರು. ಟ್ಯೂಬಿಗೆ ಬಾಟಲಿಯ ನೀರು, ನಾಲ್ಕು ಹನಿ ನೈಟ್ರಿಕ್ ಆಸಿಡ್, ಮೇಲೆ ಸಿಲ್ವರ್ ನೈಟ್ರೇಟ್. ಬಿಳಿ ಮಬ್ಬು ಎದ್ದಿತು. ಬೇರೆ ಬಾಟಲಿ ತೆಗೆದರು. ಬಿಳಿ. ಮೂರನೆಯದೂ ಬಿಳಿ.

ಅಟೆಂಡರ್ ಕೆಮ್ಮಿದ. “ಅದು ನಲ್ಲಿ ನೀರು ಸಾರ್. ಬಟ್ಟಿ ಇಳಿಸೋ ಯಂತ್ರ ಕೆಟ್ಟು ಎರಡು ವರ್ಷ ಆಯ್ತು, ಕ್ಯಾನಿಗೆ ನಲ್ಲಿ ನೀರೇ ತುಂಬೋದು. ಅದ್ರಲ್ಲಿ ಕ್ಲೋರೈಡ್ ಇರುತ್ತಲ್ಲ. ಬೆಳಿಗ್ಗೆ ಅದನ್ನೇ ಹೇಳೋಕೆ ಬಂದಿದ್ದೆ.”

“ಅಂದ್ರೆ ಮಕ್ಕಳ ಉತ್ತರ ಸರಿ,” ಎಂದರು ಪ್ರಾಂಶುಪಾಲರು.

ಪರೀಕ್ಷಕರು ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ. “ಎರಡು ವರ್ಷದಿಂದ ಕೆಟ್ಟಿದೆ, ಒಬ್ರೂ ರಿಪೇರಿ ಮಾಡಿಸ್ಲಿಲ್ವಾ? ಎಂಥ ಬೇಜವಾಬ್ದಾರಿ! ಇದಕ್ಕೆ ಯಾರು ಹೊಣೆ? ನಂಗೆ ಹೆಸರು ಬೇಕು!”

“ಹೊಸದು ಕೊಡಿ ಅಂತ ಅರ್ಜಿ ಹಾಕಿದ್ವಿ ಸರ್. ಈ ವರದಿ ತೋರಿಸಿ, ಬೇಕಿಲ್ಲ ಅಂತ ತಿರಸ್ಕಾರ ಮಾಡಿದ್ರು,” ಎನ್ನುತ್ತ ಪ್ರಾಂಶುಪಾಲರು ಬೀರುವಿನಿಂದ ಕಡತ ತೆಗೆದು ಅವರ ಮುಂದಿಟ್ಟರು.

‘ಯಂತ್ರ ಸುಸ್ಥಿತಿಯಲ್ಲಿದೆ, ಸ್ವತಃ ನಡೆಸಿ, ನೀರನ್ನೂ ಪರೀಕ್ಷಿಸಿ ನೋಡಿದ್ದೇನೆ’ ಎಂದಿದ್ದ ಹೋದ ವರ್ಷದ ಆ ವರದಿಯ ಕೆಳಗೆ, ಕಾಫಿ ಲೋಟದ ಕಲೆಯ ಪಕ್ಕದಲ್ಲಿ, ಹದ್ದಿನಕಣ್ಣಿನವರದೇ ಸಹಿ ಇತ್ತು.