ಎಂಜಿನ್ ಮೇಲಿನ ಸೀಸೆ

ಸುಂಟಿಕೊಪ್ಪದ ಏಲಕ್ಕಿ ವ್ಯಾಪಾರಿ ಸಿದ್ದಣ್ಣ ತನ್ನ ವೀರ್ಯದ ಸೀಸೆಯನ್ನು ಬಸ್ಸಿನ ಎಂಜಿನ್ ಮುಚ್ಚಳದ ಮೇಲೆ, ಡ್ರೈವರ್ ಕೂಸಪ್ಪನ ಬುತ್ತಿಯ ಪಕ್ಕದಲ್ಲಿ ಇಟ್ಟ. ಮಡಿಕೇರಿಯ ಡಾಕ್ಟರು ಸೀಸೆ ತಣ್ಣಗಾಗಬಾರದು, ಮೈಗೆ ಒತ್ತಿ ಇಟ್ಟುಕೊಂಡು ಬೇಗ ತನ್ನಿ ಎಂದಿದ್ದರು. ಆಸ್ಪತ್ರೆಯಲ್ಲೇ ಕೊಡಬಹುದಿತ್ತು. ಆದರೆ ಕೊಡಗು ಆಗ ಅಂಗೈಯಗಲದ ರಾಜ್ಯ. ಮಡಿಕೇರಿಯಲ್ಲಿ ಕೆಮ್ಮಿದರೆ ಸುಂಟಿಕೊಪ್ಪದಲ್ಲಿ ಕಷಾಯ ಕುದಿಯುತ್ತಿತ್ತು. ಮಾಗಿಯ ಚಳಿಗೆ ಅವನ ಮೈಯೇ ಕೊರಡಾಗಿತ್ತು. ಎಂಜಿನ್ ಕಂಡದ್ದೇ ತನ್ನ ಬುದ್ಧಿಗೆ ತಾನೇ ತಲೆದೂಗಿದ.

"ಏನ್ ಸಾವ್ಕಾರ್ರೇ ಅದು?"

"ಔಷಧಿ. ಮನೆಯವ್ಳದು."

ಕೂಸಪ್ಪ ನಂಬಿದ. ಮದುವೆಯಾದಾಗಿನಿಂದ ಮಕ್ಕಳಿಗಾಗಿ ಶಿವಮ್ಮ ಕುಡಿಯದ ಔಷಧಿಯಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಅವ್ವ ಗುರುಸಿದ್ದಮ್ಮ ಮಗನಿಗೆ ಎರಡನೇ ಹೆಣ್ಣನ್ನೂ ನೋಡಿಟ್ಟಿದ್ದಳು. ಸಿದ್ದಣ್ಣ ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಅವ್ವನಿಗೆ ಹೇಳದೆ ಡಾಕ್ಟರ ಬಳಿ ಹೋದದ್ದೇ ಅವನ ದೊಡ್ಡ ಶೌರ್ಯ.

ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಒಂದೂ ಅಲ್ಲಾಡುತ್ತಿಲ್ಲ ಎಂದರು. ಸಿದ್ದಣ್ಣನಿಗೆ ಊರವರು ಶಿವಮ್ಮನ ಬೆನ್ನ ಹಿಂದೆ ಆಡುತ್ತಿದ್ದ ಮಾತೆಲ್ಲ ಈಗ ತನ್ನ ಬೆನ್ನ ಹಿಂದೆ ಕೇಳಿದಂತಾಯಿತು. ಆಮೇಲೆ ಡಾಕ್ಟರು, ಸೀಸೆ ಎಲ್ಲಿಟ್ಟಿದ್ರಿ ಎಂದು ಕೇಳಿದರು. ಹೇಳಿದ.

"ಬೇಯಿಸ್ಕೊಂಡು ಬಂದಿದ್ದೀರಲ್ರೀ! ಇದ್ರಲ್ಲಿ ನಾನೇನು ನೋಡ್ಲಿ? ಇನ್ನೊಂದ್ಸಲ ತನ್ನಿ."

ಒಣಗಿಸುವ ಗೂಡಿನಲ್ಲಿ ಏಲಕ್ಕಿ ಸೀಯಿಸಿ ತಂದ ಬೆಳೆಗಾರರಿಗೆ ಇಡೀ ಸಂತೆಯ ಮುಂದೆ ಮಂಗಳಾರತಿ ಎತ್ತುತ್ತಿದ್ದ ಮಹಾನುಭಾವ ಇವನೇ. ದಾರಿಯುದ್ದಕ್ಕೂ ತನಗೆ ತಾನೇ ಎತ್ತಿಕೊಂಡ.

ಮನೆಗೆ ಬಂದು ಶಿವಮ್ಮನಿಗೆ ಒಂದೂ ಮುಚ್ಚಿಡದೆ ಹೇಳಿದ. ಅವಳು ಸೆರಗು ಬಾಯಿಗೊತ್ತಿ ನಕ್ಕಳು, ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಂದಿನ ವಾರ ಸೀಸೆಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಜೊತೆ ಬಸ್ಸು ಹತ್ತಿದಳು.

"ಔಷಧಿ ಇಲ್ಲಿಡಿ ಅಕ್ಕಾ, ಬೆಚ್ಚಗಿರ್ತದೆ" ಎಂದು ಕೂಸಪ್ಪ ಬುತ್ತಿ ಸರಿಸಿದ.

ಶಿವಮ್ಮ ತಲೆ ತಗ್ಗಿಸಿದಳು. ಹಿಂದಿನ ಸೀಟಿನಲ್ಲಿ ಅವ್ವನ ಎಲೆಯಡಿಕೆಯ ಗೆಳತಿಯರಿಬ್ಬರು ಕಿವಿ ನಿಮಿರಿಸಿದರು. ಸಿದ್ದಣ್ಣ ಒಮ್ಮೆ ಅವರನ್ನು ನೋಡಿದ, ಒಮ್ಮೆ ಹೆಂಡತಿಯನ್ನು.

"ಬ್ಯಾಡ ಕೂಸಪ್ಪ," ಎಂದ ಎಲ್ಲರಿಗೂ ಕೇಳುವಂತೆ. "ಅದು ಅವ್ಳದಲ್ಲ. ನಂದು."